ಮನೆ ಪಕ್ಕ ಸುರಂಗ ಕೆಲಸ ನಡೀತಿದೆಯಾ? ಧೂಳಿನ ಲೆಕ್ಕ ಇಡುವುದು, ಕೆಲಸ ಆಗುವಂಥ ದೂರು ಕೊಡುವುದು ಹೇಗೆ

"ಧೂಳು ತುಂಬಾ ಜಾಸ್ತಿ ಆಗಿದೆ, ದಯವಿಟ್ಟು ಕ್ರಮ ಕೈಗೊಳ್ಳಿ." ಸುರಂಗ ಕೆಲಸದ ಪಕ್ಕದ ಬಡಾವಣೆಗಳಿಂದ ಹೋಗುವ ಬಹುಪಾಲು ದೂರುಗಳು ಹೀಗೇ ಇರುತ್ತವೆ. ಉತ್ತರವೂ ಸಿದ್ಧವಾಗಿರುತ್ತದೆ: "ಸ್ಥಳದಲ್ಲಿ ನಿಯಮಿತವಾಗಿ ನೀರು ಚಿಮುಕಿಸಲಾಗುತ್ತಿದೆ." ಅಲ್ಲಿಗೆ ದೂರು ಮುಕ್ತಾಯ. ಎರಡು ದಿನ ಟ್ಯಾಂಕರ್ ಓಡಾಡುತ್ತದೆ. ಮೂರನೇ ದಿನದಿಂದ ಮತ್ತೆ ಅದೇ ಕಥೆ.

ಇದಕ್ಕೆ ಅಧಿಕಾರಿಗಳ ಉದಾಸೀನ ಒಂದೇ ಕಾರಣ ಅಲ್ಲ. ದೂರಿನಲ್ಲೇ ಹಿಡಿತ ಇರುವುದಿಲ್ಲ. ಗಾಳಿ ಕೆಟ್ಟಿದೆ ಎಂದರೆ ಯಾರೂ ಇಲ್ಲ ಅನ್ನುವುದಿಲ್ಲ, ಆದರೆ ಹೊಣೆಯನ್ನೂ ಯಾರೂ ಹೊರುವುದಿಲ್ಲ. ಬಸ್ಸು, ಕಸಕ್ಕೆ ಹಾಕಿದ ಬೆಂಕಿ, ಪಕ್ಕದ ಅಪಾರ್ಟ್‌ಮೆಂಟ್ ಕೆಲಸ, ಯಾವುದರ ಮೇಲಾದರೂ ಎತ್ತಿಹಾಕಬಹುದು. ಅದೇ ನೀವು "ಮಂಗಳವಾರ ರಾತ್ರಿ 11ರಿಂದ 12ರವರೆಗೆ ಎರಡನೇ ಗೇಟಿನಿಂದ ಹೊರಟ ಟಿಪ್ಪರ್‌ಗಳಲ್ಲಿ ಅರ್ಧಕ್ಕರ್ಧ ಟಾರ್ಪಾಲ್ ಇರಲಿಲ್ಲ, ಚಕ್ರ ತೊಳೆಯುವ ಹೊಂಡ ಒಣಗಿತ್ತು" ಎಂದು ಬರೆದರೆ ನುಣುಚಿಕೊಳ್ಳುವುದು ಕಷ್ಟ. ಅದಕ್ಕೆ ಒಬ್ಬನೇ ಹೊಣೆಗಾರ ಇದ್ದಾನೆ. ಮೊದಲನೇ ಥರದ ದೂರಿನಿಂದ ಎರಡನೇ ಥರದ ದೂರಿಗೆ ಹೋಗುವುದು ಹೇಗೆ ಎಂಬುದೇ ಈ ಬರಹ.

ಉದಾಹರಣೆಗಳೆಲ್ಲ ಬೆಂಗಳೂರಿನವು. ನಮ್ಮ ಮೆಟ್ರೊದ ಮೊದಲ ಹಂತದಲ್ಲಿ 8.8 ಕಿ.ಮೀ. ಸುರಂಗ ಆಯಿತು. ಗುಲಾಬಿ ಮಾರ್ಗದಲ್ಲಿ ಡೈರಿ ಸರ್ಕಲ್‌ನಿಂದ ನಾಗವಾರದವರೆಗೆ 13.76 ಕಿ.ಮೀ. ನೆಲದಡಿ ಮಾರ್ಗ, 12 ನಿಲ್ದಾಣ. ಅಲ್ಲಿ ಸುರಂಗ ಕೊರೆಯುವ ಕೆಲಸ ಮುಗಿದದ್ದು 2024ರ ಅಕ್ಟೋಬರ್ ಕೊನೆಗೆ. ಮುಂದಕ್ಕೆ ಹೆಬ್ಬಾಳ–ಸರ್ಜಾಪುರ ಮೆಟ್ರೊ ಪ್ರಸ್ತಾವದಲ್ಲಿ ಸುಮಾರು 14 ಕಿ.ಮೀ. ನೆಲದಡಿ ಬರುತ್ತದೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಯೋಜನೆ ಬೇರೆ ಇದೆ. ಹಾಗಾಗಿ ಈ ಧೂಳು ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಹೋಗುತ್ತದೆಯೇ ಹೊರತು ಊರು ಬಿಟ್ಟು ಹೋಗುವುದಿಲ್ಲ.

1. ಧೂಳು ಎಲ್ಲಿಂದ ಬರುತ್ತಿದೆ ಎಂದು ಮೊದಲು ಪತ್ತೆ ಹಚ್ಚಿ

ಜನ ಸಾಮಾನ್ಯವಾಗಿ ಸುರಂಗ ಕೊರೆಯುವ ಯಂತ್ರವನ್ನು, ಅಂದರೆ ಟಿಬಿಎಂ ಅನ್ನು ಬೈಯುತ್ತಾರೆ. ಧೂಳಿನ ವಿಚಾರದಲ್ಲಿ ಅದರ ಪಾಲು ಕಡಿಮೆ. ಅದು ನೆಲದಡಿ ಹತ್ತಿಪ್ಪತ್ತು ಮೀಟರ್ ಆಳದಲ್ಲಿ, ನೀರು, ನೊರೆ ಅಥವಾ ಬೆಂಟೊನೈಟ್ ಎಂಬ ಜೇಡಿಮಣ್ಣಿನ ರಾಡಿಯ ಜೊತೆ ಕೆಲಸ ಮಾಡುತ್ತದೆ. ಒಳಗಿಂದ ಬರುವ ಮಣ್ಣು ಒದ್ದೆಯಾಗಿರುತ್ತದೆ. ತೊಂದರೆ ಶುರುವಾಗುವುದು ಅದು ಮೇಲೆ ಬಂದ ಮೇಲೆ.

ನಿಲ್ದಾಣಗಳ ಕಥೆ ಬೇರೆ. ಅವನ್ನು ಮೇಲಿಂದಲೇ ಅಗೆಯುತ್ತಾರೆ. ಬೆಂಗಳೂರಿನಲ್ಲಿ ಸ್ವಲ್ಪ ಆಳಕ್ಕೆ ಹೋದರೆ ಗಟ್ಟಿ ಬಂಡೆ ಸಿಗುತ್ತದೆ. ಲಾಲ್‌ಬಾಗಿನ ಗುಡ್ಡ ಇದೆಯಲ್ಲ, ಸುಮಾರು 300 ಕೋಟಿ ವರ್ಷ ಹಳೆಯದು ಎನ್ನುವ ಬಂಡೆ, ಅದೇ ಜಾತಿಯ ನೈಸ್ ಶಿಲೆ. ಅದನ್ನು ಬ್ರೇಕರ್‌ನಿಂದ, ಅಂದರೆ ಬಂಡೆ ಒಡೆಯುವ ಯಂತ್ರದಿಂದ ಕುಟ್ಟುತ್ತಾರೆ, ಇಲ್ಲವೇ ನಿಯಂತ್ರಿತ ಸ್ಫೋಟ ಮಾಡುತ್ತಾರೆ. ಒಣ ಬಂಡೆಗೆ ನೀರು ಹಾಯಿಸದೆ ಬ್ರೇಕರ್ ಹಚ್ಚಿದರೆ ಏಳುವ ಬೂದಿ ಬಣ್ಣದ ಹುಡಿ ತುಂಬ ಸಣ್ಣದು. ಸ್ಫೋಟ ಆದ ಮೇಲೆ ಸ್ವಲ್ಪ ಹೊತ್ತು ಮೂಗಿಗೆ ಹೊಡೆಯುವ ಹೊಗೆಯಲ್ಲಿ ನೈಟ್ರೋಜನ್ ಡೈಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್ ಇರುತ್ತವೆ.

ಇನ್ನುಳಿದ ಮೂಲಗಳು: ಅಗೆದ ಮಣ್ಣಿನ ಗುಡ್ಡೆ (ಸೈಟಿನವರು ಇದನ್ನು 'ಮಕ್' ಅನ್ನುತ್ತಾರೆ), ಸಿಮೆಂಟ್ ತುಂಬುವ ಸೈಲೊ, ಗ್ರೌಟ್ (ಸಂದಿ ತುಂಬುವ ತೆಳು ಸಿಮೆಂಟ್ ಗಾರೆ) ಕಲಸುವ ಜಾಗ, ಡೀಸೆಲ್ ಜನರೇಟರ್, ಸುರಂಗಕ್ಕೆ ಇಳಿಯುವ ಬಾವಿಯಂಥ ಶಾಫ್ಟ್‌ನಿಂದ ಗಾಳಿ ಹೊರಹಾಕುವ ಫ್ಯಾನ್. ಎಲ್ಲಕ್ಕಿಂತ ಮಿಗಿಲಾಗಿ ಟಿಪ್ಪರ್ ಓಡಾಡುವ ರಸ್ತೆ.

ಟಿಪ್ಪರ್ ಯಾಕೆ ಅಷ್ಟು ಮುಖ್ಯ ಎಂದು ಸಣ್ಣ ಲೆಕ್ಕ ಹಾಕಿ. ಮೆಟ್ರೊ ಸುರಂಗದ ಕೊರೆತದ ವ್ಯಾಸ ಸುಮಾರು 6.6 ಮೀಟರ್. ಒಂದು ಮೀಟರ್ ಮುಂದಕ್ಕೆ ಹೋದರೆ 34 ಘನ ಮೀಟರ್ ಮಣ್ಣು-ಕಲ್ಲು. ಅಗೆದ ಮೇಲೆ ಅದು ಉಬ್ಬಿ ಒಂದೂವರೆ ಪಟ್ಟು ಆಗುತ್ತದೆ, ಅಂದರೆ 50 ಘನ ಮೀಟರ್. ಒಂದು ಟಿಪ್ಪರ್‌ಗೆ 12 ಘನ ಮೀಟರ್ ಹಿಡಿದರೆ ಪ್ರತಿ ಮೀಟರ್‌ಗೆ ನಾಲ್ಕಕ್ಕಿಂತ ಜಾಸ್ತಿ ಟ್ರಿಪ್. ಯಂತ್ರ ದಿನಕ್ಕೆ ಐದು ಮೀಟರ್ ಹೋದರೂ ಇಪ್ಪತ್ತು ತುಂಬಿದ ಟಿಪ್ಪರ್ ನಿಮ್ಮ ಬೀದಿಯಿಂದ ಹೊರಡುತ್ತವೆ, ಇಪ್ಪತ್ತು ಖಾಲಿ ವಾಪಸ್ ಬರುತ್ತವೆ. ಇದು ಒಂದು ಸುರಂಗಕ್ಕೆ. ಮೆಟ್ರೊಗೆ ಜೋಡಿ ಸುರಂಗ. ಸುರಂಗ ರಸ್ತೆಯಲ್ಲಿ ವ್ಯಾಸ ದುಪ್ಪಟ್ಟಾದರೆ ಮಣ್ಣು ನಾಲ್ಕು ಪಟ್ಟು ಆಗುತ್ತದೆ.

2. ಗೇಟಿನ ಎದುರು ಒಂದು ಗಂಟೆ ನಿಂತು ನೋಡಿ

ಈ ಹೆಜ್ಜೆಗೆ ಕಾಸು ಖರ್ಚಿಲ್ಲ, ಯಂತ್ರ ಬೇಡ. ಆದರೂ ಹೆಚ್ಚಿನವರು ಇದನ್ನು ಬಿಟ್ಟು ನೇರ ಸೆನ್ಸರ್ ಕೊಳ್ಳಲು ಹೋಗುತ್ತಾರೆ. ನನ್ನ ಕೇಳಿದರೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವುದು ಇದೇ.

ಹಗಲು ಹೊತ್ತು ಭಾರಿ ವಾಹನಗಳಿಗೆ ನಿರ್ಬಂಧ ಇರುವುದರಿಂದ ಮಣ್ಣು ಸಾಗಣೆ ಬಹುಪಾಲು ರಾತ್ರಿ ನಡೆಯುತ್ತದೆ. ರಾತ್ರಿ ಹತ್ತರ ಮೇಲೆ, ಇಬ್ಬರು ಮೂವರು ಒಟ್ಟಿಗೆ, ಸೈಟಿನ ಎದುರಿನ ಫುಟ್‌ಪಾತ್ ಮೇಲೆ ನಿಂತುಕೊಳ್ಳಿ. ಒಳಗೆ ಕಾಲಿಡಬೇಡಿ, ಡ್ರೋನ್ ಹಾರಿಸಬೇಡಿ. ಸಾರ್ವಜನಿಕ ರಸ್ತೆಯಿಂದ ಕಂಡಷ್ಟೇ ಸಾಕು.

ಟಿಪ್ಪರ್ ಗೇಟಿಗೆ ಬರುವಾಗ ಮೊದಲು ಮೇಲೆ ನೋಡಿ. ಟಾರ್ಪಾಲ್ ಇದೆಯಾ, ಇದ್ದರೆ ನಾಲ್ಕೂ ಕಡೆ ಬಿಗಿದಿದೆಯಾ, ಇಲ್ಲ ಮುಂದೆ ಮಾತ್ರ ಹೊದಿಸಿ ಹಿಂದೆ ಪಟಪಟ ಬಡಿಯುತ್ತಿದೆಯಾ? ಮಣ್ಣು ಅಂಚಿಗಿಂತ ಮೇಲೆ ಗೋಪುರ ಕಟ್ಟಿದೆಯಾ? ಆಮೇಲೆ ಕೆಳಗೆ ನೋಡಿ. ಗೇಟಿನ ಬಳಿ ಚಕ್ರ ತೊಳೆಯುವ ವ್ಯವಸ್ಥೆ ಇರಬೇಕು. ಗಾಡಿ ಅದರ ಮೂಲಕ ಹಾದುಬರುತ್ತಿದೆಯೋ, ಪಕ್ಕದಿಂದ ತಪ್ಪಿಸಿಕೊಂಡು ಬರುತ್ತಿದೆಯೋ? ಹೊಂಡದಲ್ಲಿ ನೀರಿದೆಯೋ, ಕೆಸರಿದೆಯೋ? ಕೆಸರಿನ ಹೊಂಡದಲ್ಲಿ ಚಕ್ರ ತೊಳೆದರೆ ಚಕ್ರಕ್ಕೆ ಇನ್ನಷ್ಟು ಕೆಸರು ಮೆತ್ತಿಕೊಳ್ಳುತ್ತದೆ, ಅಷ್ಟೇ.

ಗಾಡಿ ಹೋದ ಮೇಲೆ ಡಾಂಬರಿನ ಮೇಲೆ ಎರಡು ಪಟ್ಟಿ ಉಳಿಯುತ್ತದೆ. ಟೈರಿನ ಸಂದಿಗಳಲ್ಲಿ ಸಿಕ್ಕಿಕೊಂಡಿದ್ದ ಒದ್ದೆ ಮಣ್ಣು ಚಪ್ಪಡಿ ಚಪ್ಪಡಿಯಾಗಿ ಬಿದ್ದಿರುತ್ತದೆ. ರಾತ್ರಿ ಇದರಿಂದ ತೊಂದರೆ ಕಾಣುವುದಿಲ್ಲ. ಬೆಳಗ್ಗೆ ಬಿಸಿಲು ಬಿದ್ದು ಒಣಗುತ್ತದೆ, ಹತ್ತು ಗಂಟೆಯ ಬಸ್ಸು-ಆಟೊಗಳು ಅದನ್ನು ಅರೆದು ಹಿಟ್ಟು ಮಾಡುತ್ತವೆ, ಮಧ್ಯಾಹ್ನದ ಹೊತ್ತಿಗೆ ಅದು ನಿಮ್ಮ ಕಿಟಕಿಯ ಒಳಗಿರುತ್ತದೆ. ಆಗ ಸೈಟಿನವರನ್ನು ಕೇಳಿದರೆ "ಮಧ್ಯಾಹ್ನ ನಮ್ಮದು ಮಣ್ಣಿನ ಕೆಲಸವೇ ಇಲ್ಲ ಸರ್" ಅನ್ನುತ್ತಾರೆ. ಅವರು ಹೇಳುವುದು ಸುಳ್ಳೂ ಅಲ್ಲ. ಅದಕ್ಕೇ ಆ ಪಟ್ಟಿ ಗೇಟಿನಿಂದ ಎಷ್ಟು ದೂರ ಹೋಗಿದೆ ಎಂದು ನಡೆದು ನೋಡಿ. ರಾತ್ರಿ ಒಂದು ಫೋಟೊ, ಬೆಳಗ್ಗೆ ಅದೇ ಜಾಗದಲ್ಲಿ ಇನ್ನೊಂದು, ಮಧ್ಯಾಹ್ನ ಧೂಳು ಏಳುವಾಗ ಒಂದು ಸಣ್ಣ ವಿಡಿಯೊ. ಮೂರೂ ಸೇರಿದರೆ ಕಥೆ ಪೂರ್ತಿಯಾಯಿತು.

ದಿನಾಂಕ, ಸಮಯ, ಜಾಗ ಫೋಟೊದ ಮೇಲೇ ಬರುವ ಜಿಪಿಎಸ್ ಕ್ಯಾಮೆರಾ ಆ್ಯಪ್ ಬಳಸಿ. ಗಾಡಿಯ ನಂಬರ್ ಪ್ಲೇಟ್ ಕಾಣಲಿ, ಕೆಲಸದವರ ಮುಖ ಬೇಡ. ಡ್ರೈವರ್ ಜೊತೆ ಜಗಳಕ್ಕೆ ನಿಲ್ಲಬೇಡಿ. "ಅಣ್ಣ, ಟಾರ್ಪಾಲ್ ಕಟ್ಕೊಂಡು ಹೋಗಿ" ಎಂದರೆ ಹೆಚ್ಚಿನವರು ಕಟ್ಟುತ್ತಾರೆ. ಟ್ರಿಪ್ ಲೆಕ್ಕದಲ್ಲಿ ದುಡ್ಡು ಸಿಗುವವರಿಗೆ ಐದು ನಿಮಿಷವೂ ದುಬಾರಿ. ಆ ಲೆಕ್ಕ ಹಾಕಿದವನು ಬೇರೆ ಕಡೆ ಕುಳಿತಿರುತ್ತಾನೆ.

3. ಗಾಳಿಯ ದಿಕ್ಕು ಬರೆದಿಡಿ

ಬೆಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಬಹುತೇಕ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಪೂರ್ವ, ಈಶಾನ್ಯದಿಂದ. ಅಂದರೆ ಮಳೆಗಾಲದಲ್ಲಿ ಸೈಟಿನ ಪೂರ್ವಕ್ಕಿರುವ ಮನೆಗಳಿಗೆ ತೊಂದರೆ, ಚಳಿಗಾಲದಲ್ಲಿ ಪಶ್ಚಿಮದ ಮನೆಗಳಿಗೆ. ಮಳೆ ಇಲ್ಲದ, ಬೆಳಗ್ಗೆ ತಣ್ಣನೆ ಗಾಳಿ ನೆಲಕ್ಕೆ ಅಂಟಿಕೊಂಡಿರುವ ಚಳಿಗಾಲವೇ ಕೆಟ್ಟದ್ದು. ಒಂದು ಕಾಗದದ ಮೇಲೆ ಸೈಟು, ಗೇಟುಗಳು, ಟಿಪ್ಪರ್ ದಾರಿ, ಶಾಲೆ, ಆಸ್ಪತ್ರೆ, ಅಂಗನವಾಡಿ ಗುರುತು ಹಾಕಿ, ಬಾಣದಿಂದ ಗಾಳಿ ತೋರಿಸಿ. "ಒಂದು ಬದಿಯವರು ಮಾತ್ರ ದೂರು ಕೊಡ್ತಾರೆ, ಇನ್ನೊಂದು ಬದಿಯವರಿಗೆ ಏನೂ ಆಗಿಲ್ವಲ್ಲ" ಎಂಬ ಪ್ರಶ್ನೆ ಬಂದಾಗ ಈ ನಕ್ಷೆಯೇ ಉತ್ತರ.

4. ಈಗ ಅಳೆಯಿರಿ, ಆದರೆ ಯಂತ್ರ ಹೇಳಿದ್ದನ್ನೆಲ್ಲ ನಂಬಬೇಡಿ

ಮೊದಲು ಮಿತಿಗಳು ಗೊತ್ತಿರಲಿ. ಪಿಎಂ 10 ಅಂದರೆ ಗಾಳಿಯಲ್ಲಿ ತೇಲುವ, 10 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳು; ಪಿಎಂ 2.5 ಅಂದರೆ 2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣವು. 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ 24 ಗಂಟೆಯ ಸರಾಸರಿಯಲ್ಲಿ ಪಿಎಂ 10 ಒಂದು ಘನ ಮೀಟರ್‌ಗೆ 100 ಮೈಕ್ರೊಗ್ರಾಂ ದಾಟಬಾರದು, ಪಿಎಂ 2.5 60 ದಾಟಬಾರದು. ವರ್ಷದ ಸರಾಸರಿ 60 ಮತ್ತು 40. ವರ್ಷದಲ್ಲಿ ನೂರಕ್ಕೆ ಎರಡರಷ್ಟು ಸಮಯ 24 ಗಂಟೆಯ ಮಿತಿ ಮೀರಬಹುದು, ಆದರೆ ಅಳತೆಯ ಎರಡು ದಿನ ಸತತವಾಗಿ ಮೀರುವಂತಿಲ್ಲ. ಈ ಕೊನೆಯ ಮಾತು ನೆನಪಿಡಿ, ದೂರಿನಲ್ಲಿ ಕೆಲಸಕ್ಕೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ 24 ಗಂಟೆಯ ಮಿತಿ ಪಿಎಂ 10ಕ್ಕೆ 45, ಪಿಎಂ 2.5ಕ್ಕೆ 15. ಕಾನೂನಿನ ಮುಂದೆ ನಡೆಯುವುದು ನಮ್ಮ ಮಾನದಂಡ, ಡಾಕ್ಟರ ಮುಂದೆ ಎರಡನೆಯದು.

ಇನ್ನು ಸರ್ಕಾರಿ ಮಾಪನ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ಹೆಬ್ಬಾಳ, ಸಿಲ್ಕ್ ಬೋರ್ಡ್, ಜಯನಗರ, ಹೊಂಬೇಗೌಡ ನಗರ, ಬಾಪೂಜಿ ನಗರ, ಪೀಣ್ಯದಂಥ ಕೇಂದ್ರಗಳ ಅಂಕಿ ಸಿಗುತ್ತವೆ. ನಿಮ್ಮ ಬೀದಿಯ ಧೂಳು ಎರಡು ಕಿ.ಮೀ. ಆಚೆಯ ಕೇಂದ್ರದಲ್ಲಿ ಕಾಣುವುದಿಲ್ಲ. ಅದರಿಂದ "ಸಮೀರ್‌ನಲ್ಲಿ ಹಸಿರು ಇದೆ" ಎಂದರೆ ನಿಮ್ಮ ಮನೆ ಮುಂದೆಯೂ ಹಸಿರು ಎಂದಲ್ಲ. ಊರಿನ ಗಾಳಿ ಆ ದಿನ ಹೇಗಿತ್ತು ಎಂದು ಹೋಲಿಸಲು ಆ ಅಂಕಿ ಬೇಕು, ಅಷ್ಟಕ್ಕೆ ಬಳಸಿ.

ಮೂರು ನಾಲ್ಕು ಸಾವಿರಕ್ಕೆ ಸಿಗುವ ಸೆನ್ಸರ್‌ಗಳ ಬಗ್ಗೆ ಒಂದು ಮಾತು. ಇವು ಲೇಸರ್ ಬೆಳಕು ಕಣಗಳ ಮೇಲೆ ಚದುರುವುದನ್ನು ನೋಡಿ ಲೆಕ್ಕ ಹಾಕುತ್ತವೆ. ಹೊಗೆಯಂಥ ಸಣ್ಣ ಕಣಗಳನ್ನು ಚೆನ್ನಾಗಿ ಹಿಡಿಯುತ್ತವೆ. ದಪ್ಪ ಕಣ, ಅಂದರೆ ಮಣ್ಣು-ಕಲ್ಲಿನ ಧೂಳನ್ನು ಸರಿಯಾಗಿ ಹಿಡಿಯುವುದಿಲ್ಲ. ಪರದೆಯ ಮೇಲೆ ತೋರಿಸುವ ಪಿಎಂ 10 ಅಂಕಿ ಅರ್ಧ ಅಂದಾಜು. ಸುರಂಗ ಕೆಲಸದಿಂದ ಏಳುವುದು ಹೆಚ್ಚಾಗಿ ಇದೇ ದಪ್ಪ ಧೂಳು. ಹಾಗಾಗಿ ಮೇಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳಿದ್ದರೂ ಸೆನ್ಸರ್ "ಪರವಾಗಿಲ್ಲ" ಅನ್ನಬಹುದು. ಆ ಅಂಕಿಯನ್ನೇ ದೂರಿಗೆ ಲಗತ್ತಿಸಿದರೆ ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕಿಕೊಂಡ ಹಾಗೆ. ಮಂಜು ಕವಿದ ಬೆಳಗ್ಗೆ, ಮಳೆ ಹಿಡಿದ ದಿನ ಉಲ್ಟಾ ಆಗುತ್ತದೆ: ತೇವಾಂಶ ಶೇ. 80 ದಾಟಿದರೆ ನೀರಿನ ಹನಿಯನ್ನೂ ಧೂಳೆಂದು ಎಣಿಸಿ ಜಾಸ್ತಿ ತೋರಿಸುತ್ತದೆ.

ಹಾಗಂತ ಸೆನ್ಸರ್ ಬೇಡ ಅಂತಲ್ಲ. ಹೀಗೆ ಬಳಸಿ. ಒಂದೇ ಮಾದರಿಯ ಎರಡು ತಗೊಳ್ಳಿ. ಮೊದಲು ಕೆಲವು ದಿನ ಪಕ್ಕಪಕ್ಕ ಇಟ್ಟು ಎರಡೂ ಒಂದೇ ಅಂಕಿ ತೋರಿಸುತ್ತವೆಯೇ ನೋಡಿ. ಆಮೇಲೆ ಒಂದನ್ನು ಗಾಳಿ ಸೈಟಿನ ಕಡೆಯಿಂದ ಬರುವ ಮನೆಯಲ್ಲಿ, ಇನ್ನೊಂದನ್ನು ಸೈಟಿನ ಆಚೆ, ಗಾಳಿ ಬರುವ ದಿಕ್ಕಿನ ಮನೆಯಲ್ಲಿ ಇಡಿ. ಅಡುಗೆ ಮನೆ, ಊದುಬತ್ತಿ, ಸೊಳ್ಳೆಬತ್ತಿಯಿಂದ ದೂರ, ಹೊರಗೆ, ಮಳೆ ತಾಗದ ಸಜ್ಜೆಯ ಕೆಳಗೆ. ದೀಪಾವಳಿ ವಾರದ ಅಂಕಿ ಲೆಕ್ಕಕ್ಕೆ ಬೇಡ. ನಿಮಗೆ ಬೇಕಿರುವುದು ಎರಡರ ನಡುವಿನ ವ್ಯತ್ಯಾಸ. ಅದೂ ಕೆಲಸದ ಗಂಟೆಗಳಲ್ಲಿ ಏರಿ, ಕೆಲಸ ನಿಂತ ದಿನ ಇಳಿದರೆ ಗಟ್ಟಿ ಸುಳಿವು. ಪಿಎಂ 2.5 ಜೋರಾಗಿ ಏರಿದರೆ ಜನರೇಟರ್ ಅಥವಾ ನಿಂತಲ್ಲೇ ಇಂಜಿನ್ ಓಡಿಸುವ ಗಾಡಿಗಳ ಹೊಗೆ ಇರಬಹುದು, ಅತ್ತ ನೋಡಿ.

ದಪ್ಪ ಧೂಳಿಗೆ ಬಡವರ ಸೆನ್ಸರ್ ಒಂದಿದೆ: ಬಿಳಿ ಟೈಲ್ಸ್ ತುಂಡು. ಸಜ್ಜೆಯ ಮೇಲೆ ಇಡಿ. ದಿನಾ ಒಂದೇ ಹೊತ್ತಿಗೆ ಅರ್ಧ ಭಾಗ ಒದ್ದೆ ಬಟ್ಟೆಯಲ್ಲಿ ಒರೆಸಿ, ಒರೆಸಿದ ಮತ್ತು ಒರೆಸದ ಭಾಗ ಎರಡೂ ಕಾಣುವ ಹಾಗೆ ಫೋಟೊ ತೆಗೆಯಿರಿ, ಆಮೇಲೆ ಪೂರ್ತಿ ಒರೆಸಿ ವಾಪಸ್ ಇಡಿ. ಸೈಟಿನಿಂದ ದೂರ ಇರುವ ನೆಂಟರ ಮನೆಯಲ್ಲೂ ಒಂದು ಇಡಿಸಿ. ಬಣ್ಣ ಬರೆದುಕೊಳ್ಳಿ. ಬೂದಿ-ಬಿಳಿ ಹುಡಿ ಕಲ್ಲು ಅಥವಾ ಸಿಮೆಂಟಿನದು, ಕೆಂಪು ಬಣ್ಣದ್ದು ಮೇಲ್ಮಣ್ಣು, ಉಜ್ಜಿದರೆ ಜಿಡ್ಡಾಗಿ ಮೆತ್ತುವ ಕಪ್ಪು ಡೀಸೆಲ್ ಮಸಿ. ಇದು ಪ್ರಯೋಗಾಲಯದ ಸಾಕ್ಷಿ ಆಗುವುದಿಲ್ಲ, ಆದರೆ ಹದಿನೈದು ಫೋಟೊ ಸಾಲಾಗಿ ಜೋಡಿಸಿದರೆ ಸಭೆಯಲ್ಲಿ ಯಾರೂ ಬಾಯಿ ತೆರೆಯುವುದಿಲ್ಲ. ಅಧಿಕೃತ ಅಳತೆ ಬೇಕೆಂದರೆ ಮಾನ್ಯತೆ ಪಡೆದ ಪ್ರಯೋಗಾಲಯದಿಂದ 24 ಗಂಟೆ ಮಾದರಿ ತೆಗೆಸಬೇಕು. ಅದನ್ನು ನಿಮ್ಮ ದುಡ್ಡಲ್ಲಿ ಮಾಡಿಸುವ ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿಗೆ "ನಮ್ಮ ಬೀದಿಯಲ್ಲಿ ಮಾಪನ ಮಾಡಿ" ಎಂದು ಲಿಖಿತವಾಗಿ ಕೇಳಿ.

ಸಿಲಿಕಾ ಬಗ್ಗೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಭಯ ಹರಡುವುದುಂಟು. ವಿಷಯ ಹೀಗಿದೆ. ನಮ್ಮ ಬಂಡೆಯಲ್ಲಿ ಸ್ಫಟಿಕ, ಅಂದರೆ ಸಿಲಿಕಾ ಸಾಕಷ್ಟಿದೆ. ಉಸಿರಾಟದಲ್ಲಿ ಒಳಹೋಗುವಷ್ಟು ಸಣ್ಣ ಸಿಲಿಕಾ ಹುಡಿ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1997ರಲ್ಲೇ ಹೇಳಿದೆ. 2009ರ ಮಾನದಂಡದ 12 ಮಾಲಿನ್ಯಕಾರಕಗಳಲ್ಲಿ ಸಿಲಿಕಾ ಇಲ್ಲ. ಆದರೆ ಸಿಲಿಕಾ ಹುಡಿಯಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ಮುಖ್ಯವಾಗಿ ದಿನವಿಡೀ ಬ್ರೇಕರ್ ಪಕ್ಕ ನಿಲ್ಲುವವರ ಕಾಯಿಲೆ. ಮುಖಕ್ಕೆ ಟವೆಲ್ ಸುತ್ತಿಕೊಂಡು ಒಣ ಬಂಡೆ ಒಡೆಯುತ್ತಿರುವ ಹುಡುಗ ಕಂಡರೆ ಅವನ ಪರವಾಗಿಯೂ ದೂರಿನಲ್ಲಿ ಒಂದು ಸಾಲು ಬರೆಯಿರಿ. ಅವನು ತಾನೇ ಬರೆಯುವ ಸ್ಥಿತಿಯಲ್ಲಿ ಇರುವುದಿಲ್ಲ.

5. ಯಾವ ನಿಯಮ ಮುರಿಯಿತು ಎಂದು ಹೆಸರಿಟ್ಟು ಹೇಳಿ

ಕೈಯಲ್ಲಿ ಇರಬೇಕಾದ ಕಾಗದ ಒಂದೇ: ಕೇಂದ್ರ ಪರಿಸರ ಸಚಿವಾಲಯದ 25 ಜನವರಿ 2018ರ ಅಧಿಸೂಚನೆ, ಜಿಎಸ್‌ಆರ್ 94(ಇ). ಧೂಳಿನ ಮಿತಿ ಮೀರಿದ ನಗರಗಳಲ್ಲಿ ನಿರ್ಮಾಣ ಕೆಲಸಕ್ಕೆ ಇದು ಅನ್ವಯ. ಬೆಂಗಳೂರು 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲೂ ಇದೆ, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಜೊತೆಗೆ.

ಅದರಲ್ಲಿ ಏನಿದೆ? ಸೈಟಿಗೆ ಹೋಗುವ ರಸ್ತೆ ಡಾಂಬರು ಹಾಕಿದ್ದಿರಬೇಕು. ಧೂಳು ತಡೆಯುವ ಕ್ರಮ ಇಲ್ಲದೆ ಅಗೆಯುವಂತಿಲ್ಲ. ಮಣ್ಣು, ಮರಳು, ಅವಶೇಷ ಮುಚ್ಚದೆ ಬಿಡುವಂತಿಲ್ಲ. ಗಾಳಿ ತಡೆ ಇರಬೇಕು, ನೀರು ಚಿಮುಕಿಸುವ ವ್ಯವಸ್ಥೆ ಇರಬೇಕು. ಧೂಳು ತಡೆಗೆ ಏನೇನು ಮಾಡುತ್ತಿದ್ದೇವೆ ಎಂದು ಜನರಿಗೆ ಕಾಣುವ ಹಾಗೆ ಬೋರ್ಡ್ ಹಾಕಬೇಕು. ಬೋರ್ಡ್ ಇಲ್ಲದಿದ್ದರೆ ಅದೇ ನಿಮ್ಮ ಮೊದಲ ಉಲ್ಲಂಘನೆ, ಒಂದು ಫೋಟೊದಲ್ಲಿ ಸಾಬೀತಾಗುತ್ತದೆ. ತೆರೆದ ಜಾಗದಲ್ಲಿ ಕತ್ತರಿಸುವುದು, ಉಜ್ಜುವುದು ಇಲ್ಲ. ರಸ್ತೆ ಬದಿ ಸಾಮಗ್ರಿ ಸುರಿಯುವಂತಿಲ್ಲ. ಮುಚ್ಚದ ಗಾಡಿಯಲ್ಲಿ ಸಾಗಿಸುವಂತಿಲ್ಲ.

"ಮೆಟ್ರೊಗೆ ಪರಿಸರ ಅನುಮತಿಯೇ ಬೇಕಿಲ್ಲ, ಇದೆಲ್ಲ ನಮಗೆ ಅನ್ವಯಿಸಲ್ಲ" ಎಂಬ ಉತ್ತರ ಬರಬಹುದು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ರೈಲು, ಮೆಟ್ರೊ ಯೋಜನೆಗಳು ಇಲ್ಲ ಎಂಬುದು ನಿಜ. ಆದರೆ 2018ರ ಅಧಿಸೂಚನೆಯಲ್ಲಿ ಒಂದು ಭಾಗ ಎಲ್ಲ ನಿರ್ಮಾಣಕ್ಕೂ ಅನ್ವಯ ಎಂದೇ ಇದೆ. ಮುಚ್ಚದ ಗಾಡಿ, ರಸ್ತೆ ಬದಿ ಸುರಿಯುವುದು ಆ ಭಾಗದಲ್ಲೇ ಬರುತ್ತವೆ. ಅದನ್ನು ತೋರಿಸಿ.

ನೀರಿಲ್ಲ ಎಂಬ ನೆಪವೂ ಬರುತ್ತದೆ. ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ನಿರ್ಮಾಣಕ್ಕೆ ಕುಡಿಯುವ ನೀರು ಬಳಸಬಾರದು ಎಂದು ಜಲಮಂಡಳಿ ಆದೇಶ ಮಾಡಿತ್ತು. ಜೊತೆಗೆ ಸಂಸ್ಕರಿಸಿದ ನೀರನ್ನು ಕೊಡುವ ವ್ಯವಸ್ಥೆಯೂ ಅದೇ ಮಂಡಳಿಯದ್ದಿದೆ. ರಸ್ತೆಗೆ ಹೊಡೆಯಲು ಕಾವೇರಿ ನೀರು ಯಾರೂ ಕೇಳುತ್ತಿಲ್ಲ, ಅಲ್ವಾ?

6. ದೂರು ಯಾರಿಗೆ, ಹೇಗೆ

ಮೊದಲು ಸೈಟಿನವರಿಗೇ ಕೊಡಿ. ಪ್ರತಿ ಪ್ಯಾಕೇಜ್‌ನಲ್ಲೂ (ಒಬ್ಬ ಗುತ್ತಿಗೆದಾರನಿಗೆ ಕೊಟ್ಟ ಕಾಮಗಾರಿಯ ಭಾಗ) ಸುರಕ್ಷತೆ-ಪರಿಸರ ನೋಡಿಕೊಳ್ಳುವ ಅಧಿಕಾರಿ ಇರುತ್ತಾರೆ. ಅವರಿಗೆ ಇಮೇಲ್ ಹಾಕಿ, ಪ್ರತಿಯನ್ನು ಯೋಜನೆಯ ನಿಗಮಕ್ಕೆ ಕಳಿಸಿ. ಸಣ್ಣಪುಟ್ಟದ್ದು ಇಲ್ಲೇ ಸರಿಹೋಗುತ್ತದೆ. ಒಂದು ವಾರ ಕಾದು ಬದಲಾವಣೆ ಇಲ್ಲದಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ವಲಯದ ಪರಿಸರ ಅಧಿಕಾರಿಗೆ ಲಿಖಿತ ದೂರು, ಸ್ವೀಕೃತಿ ಮುದ್ರೆಯೊಂದಿಗೆ. ರಸ್ತೆಗೆ ಬಿದ್ದ ಮಣ್ಣು ನಗರ ಪಾಲಿಕೆಯ ವಿಚಾರ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಐದು ಪಾಲಿಕೆಗಳು ಬಂದಿವೆ, ನಿಮ್ಮದು ಯಾವುದು ಎಂದು ನೋಡಿಕೊಂಡು ಬರೆಯಿರಿ. ಟಾರ್ಪಾಲ್ ಇಲ್ಲದ ಟಿಪ್ಪರ್ ಸಂಚಾರ ಪೊಲೀಸರಿಗೆ. ಇವೆಲ್ಲಕ್ಕೂ ಒಂದೇ ಕಡೆ ನಂಬರ್ ಬೇಕೆಂದರೆ ರಾಜ್ಯ ಸರ್ಕಾರದ ಜನಸ್ಪಂದನ, 1902. ಅಲ್ಲಿ ಸಿಗುವ ದೂರು ಸಂಖ್ಯೆಯನ್ನು ಜೋಪಾನ ಮಾಡಿ.

ಒಂದು ಪತ್ರದಲ್ಲಿ ಎರಡು ಮೂರು ಉಲ್ಲಂಘನೆ ಸಾಕು. ಹೀಗೆ ಬರೆಯಬಹುದು:

"ಮಾನ್ಯರೇ, ______ ನಿಲ್ದಾಣದ ಕಾಮಗಾರಿಯ ______ ಗೇಟಿನಿಂದ ದಿನಾಂಕ ______ ರಾತ್ರಿ ______ರಿಂದ ______ರವರೆಗೆ ಹೊರಟ ______ ಟಿಪ್ಪರ್‌ಗಳ ಪೈಕಿ ______ ಟಿಪ್ಪರ್‌ಗಳಿಗೆ ಹೊದಿಕೆ ಇರಲಿಲ್ಲ (ಫೋಟೊ 1ರಿಂದ ______). ಗೇಟಿನಿಂದ ______ ಅಡ್ಡರಸ್ತೆಯವರೆಗೆ ರಸ್ತೆಯ ಮೇಲೆ ಮಣ್ಣು ಬಿದ್ದಿದ್ದು, ಮರುದಿನ ಮಧ್ಯಾಹ್ನದವರೆಗೂ ತೆಗೆದಿಲ್ಲ. ಧೂಳು ತಡೆ ಕ್ರಮಗಳ ಫಲಕ ಕಾಣುವಲ್ಲಿ ಇಲ್ಲ. ಇವು 25.01.2018ರ ಜಿಎಸ್‌ಆರ್ 94(ಇ) ಅಧಿಸೂಚನೆಯ ಉಲ್ಲಂಘನೆ. ಏಳು ದಿನಗಳ ಒಳಗೆ ಸ್ಥಳ ಪರಿಶೀಲನೆ ನಡೆಸಿ, ಅದರ ವರದಿಯ ಪ್ರತಿಯನ್ನು ನಮಗೆ ಕೊಡಬೇಕೆಂದು ಕೋರುತ್ತೇವೆ. ಪರಿಶೀಲನೆ ವೇಳೆ ಹಾಜರಿರಲು ನಾವು ಸಿದ್ಧ."

ಕೊನೆಯ ಸಾಲನ್ನು ಬಿಡಬೇಡಿ. ಪರಿಶೀಲನೆ ಹಗಲು ಹನ್ನೊಂದಕ್ಕೆ, ನೀರು ಹೊಡೆದು ಒಪ್ಪ ಮಾಡಿದ ಮೇಲೆ ನಡೆಯುವುದನ್ನು ತಪ್ಪಿಸಲು ಅದೊಂದೇ ದಾರಿ. ಹತ್ತು ಮನೆಯವರು ಹತ್ತು ಬೇರೆ ಪತ್ರ ಬರೆಯುವ ಬದಲು ಒಂದೇ ಪತ್ರಕ್ಕೆ ಎಲ್ಲರೂ ಸಹಿ ಹಾಕಿ. ಮಕ್ಕಳಿಗೆ, ಹಿರಿಯರಿಗೆ ಕೆಮ್ಮು-ದಮ್ಮು ಜಾಸ್ತಿಯಾಗಿದ್ದರೆ ಆಸ್ಪತ್ರೆ ಚೀಟಿಗಳ ನಕಲು ಇಡಿ, ಆದರೆ "ಧೂಳಿನಿಂದಲೇ ಬಂತು" ಎಂದು ನೀವೇ ತೀರ್ಪು ಬರೆಯಬೇಡಿ.

7. ಮಾಹಿತಿ ಹಕ್ಕು ಅರ್ಜಿ

ಗುತ್ತಿಗೆದಾರರು ಸಾಮಾನ್ಯವಾಗಿ ಗಾಳಿಯ ಮಾಪನ ಮಾಡಿಸಿ ವರದಿ ಕೊಟ್ಟಿರುತ್ತಾರೆ. ಅದು ಕಡತದಲ್ಲಿ ಇರುತ್ತದೆ, ಹೊರಗೆ ಬಂದಿರುವುದಿಲ್ಲ. ಅದನ್ನು ತರಿಸಿಕೊಳ್ಳಿ. ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಕೊಕ್ಕೆ ಇದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. ಉದ್ದುದ್ದ ಬರೆದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. ಅದಕ್ಕೆ ಬೇರೆ ಬೇರೆ ಅರ್ಜಿ ಹಾಕಿ. ಒಂದರಲ್ಲಿ ಕಳೆದ ಆರು ತಿಂಗಳ ವಾಯು ಮಾಪನ ವರದಿಗಳ ಪ್ರತಿ, ಮಾಪನ ಕೇಂದ್ರ ಎಲ್ಲಿತ್ತು ಎಂಬ ವಿವರದ ಸಮೇತ. ಇನ್ನೊಂದರಲ್ಲಿ ಪರಿಸರ ನಿರ್ವಹಣಾ ಯೋಜನೆ. ಮತ್ತೊಂದರಲ್ಲಿ ಅಗೆದ ಮಣ್ಣು ಎಲ್ಲಿಗೆ ಹೋಗುತ್ತಿದೆ, ಯಾರ ಅನುಮತಿ ಇದೆ. ಧೂಳಿನ ಕಾರಣಕ್ಕೆ ಗುತ್ತಿಗೆದಾರನಿಗೆ ಎಷ್ಟು ದಂಡ ಹಾಕಿದ್ದೀರಿ ಎಂದೂ ಕೇಳಿ. ಉತ್ತರ 'ಸೊನ್ನೆ' ಎಂದು ಬಂದರೂ ಅದೇ ಒಂದು ಸಾಕ್ಷಿ.

ವರದಿ ಕೈಗೆ ಬಂದಾಗ ಅಂಕಿಗಿಂತ ಮೊದಲು ಮಾಪನದ ಜಾಗ ನೋಡಿ. ಗಾಳಿ ಬರುವ ದಿಕ್ಕಿನಲ್ಲಿ, ಸೈಟ್ ಕಚೇರಿಯ ಮಹಡಿ ಮೇಲೆ ಯಂತ್ರ ಇಟ್ಟಿದ್ದರೆ ಅಂಕಿ ಚೆನ್ನಾಗಿಯೇ ಬರುತ್ತದೆ. ದಿನಾಂಕವನ್ನೂ ನೋಡಿ, ಮಳೆ ಬಂದ ಮರುದಿನ ಅಳೆದಿದ್ದಾರೆಯೇ ಎಂದು. ಉತ್ತರ ಬರದಿದ್ದರೆ 30 ದಿನದ ಒಳಗೆ ಮೊದಲ ಮೇಲ್ಮನವಿ, ಆಮೇಲೂ ಆಗದಿದ್ದರೆ 90 ದಿನದ ಒಳಗೆ ಮಾಹಿತಿ ಆಯೋಗ.

8. ಇಷ್ಟರಲ್ಲೂ ಆಗದಿದ್ದರೆ

ಸಾಲ ಯಾರು ಕೊಟ್ಟಿದ್ದಾರೆ ನೋಡಿ. ಇದನ್ನು ಯಾರೂ ಯೋಚಿಸುವುದಿಲ್ಲ. ಗುಲಾಬಿ ಮಾರ್ಗಕ್ಕೆ ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಮತ್ತು ಏಷ್ಯನ್ ಇನ್‌ಫ್ರಾಸ್ಟ್ರಕ್ಚರ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಸಾಲ ಕೊಟ್ಟಿವೆ. ಇಂಥ ಬ್ಯಾಂಕುಗಳು ಸಾಲದ ಜೊತೆ ಪರಿಸರದ ಷರತ್ತು ಹಾಕುತ್ತವೆ, ಜನರ ದೂರು ಕೇಳಲು ಪ್ರತ್ಯೇಕ ವಿಭಾಗ ಇಟ್ಟಿರುತ್ತವೆ. ವೆಲ್ಲಾರ ಜಂಕ್ಷನ್‌ನ ಆಲ್ ಸೇಂಟ್ಸ್ ಚರ್ಚ್ ಆವರಣದ ವಿಚಾರ ಈ ದಾರಿಯಲ್ಲೇ ಯುರೋಪಿನ ಬ್ಯಾಂಕಿನ ದೂರು ವಿಭಾಗದವರೆಗೆ ಹೋಗಿತ್ತು. ಇಲ್ಲಿ ವಕೀಲರು ಬೇಕಿಲ್ಲ. ಮೊದಲು ಸ್ಥಳೀಯವಾಗಿ ದೂರು ಕೊಟ್ಟಿದ್ದೀರಿ ಎಂಬ ದಾಖಲೆ ಇರಲಿ.

ಇನ್ನು ಕಾನೂನು. 1981ರ ವಾಯು ಕಾಯ್ದೆಯ 43ನೇ ಕಲಂ ಪ್ರಕಾರ 60 ದಿನದ ನೋಟಿಸ್ ಕೊಟ್ಟು ಸಾಮಾನ್ಯ ನಾಗರಿಕರೂ ನ್ಯಾಯಾಲಯಕ್ಕೆ ಹೋಗಬಹುದು. ಹೆಚ್ಚಿನವರು ಆರಿಸಿಕೊಳ್ಳುವುದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ನಮಗೆ ಚೆನ್ನೈನ ದಕ್ಷಿಣ ಪೀಠ. ಪರಿಹಾರ ಕೇಳದ ಅರ್ಜಿಗೆ ಶುಲ್ಕ ಸಾವಿರ ರೂಪಾಯಿ. ಇಲ್ಲಿ ಒಂದು ಗಡುವು ಇದೆ: ತೊಂದರೆ ಮೊದಲು ಶುರುವಾದ ದಿನದಿಂದ ಆರು ತಿಂಗಳು, ಸರಿಯಾದ ಕಾರಣ ತೋರಿಸಿದರೆ ಇನ್ನೂ 60 ದಿನ. ಪರಿಹಾರದ ಅರ್ಜಿಗೆ ಮಾತ್ರ ಐದು ವರ್ಷ. ಸಂಘದ ಸಭೆಗಳಲ್ಲಿ "ನೋಡೋಣ, ಹಬ್ಬ ಮುಗೀಲಿ" ಎನ್ನುತ್ತಾ ಆರು ತಿಂಗಳು ಸುಮ್ನೆ ಕಳೆದುಹೋಗುತ್ತದೆ. ಅದಕ್ಕೇ ಮೊದಲ ದಿನದಿಂದ ದಿನಾಂಕ ಬರೆದಿಡಿ.

ಈ ನಡುವೆ ಮನೆಯಲ್ಲಿ

ಕಸಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ. ಪೊರಕೆ ಧೂಳನ್ನು ಮತ್ತೆ ಗಾಳಿಗೇ ಎಬ್ಬಿಸುತ್ತದೆ. ಸೈಟಿನ ಕಡೆಯ ಕಿಟಕಿಗಳನ್ನು ಟಿಪ್ಪರ್ ಹೊತ್ತಿನಲ್ಲಿ ಮುಚ್ಚಿ, ಬೇರೆ ಹೊತ್ತಿನಲ್ಲಿ ಎದುರು ಬದಿಯದ್ದು ತೆರೆಯಿರಿ. ಬಟ್ಟೆಯ ಮಾಸ್ಕ್ ಸಣ್ಣ ಕಣ ತಡೆಯುವುದಿಲ್ಲ, ಎನ್95 ಬೇಕು, ಅದೂ ಮೂಗಿಗೆ ಸರಿಯಾಗಿ ಕೂರಬೇಕು. ದಮ್ಮು ಇರುವವರ ಮಲಗುವ ಕೋಣೆಗೆ ಮಾತ್ರ ಹೆಪಾ ಫಿಲ್ಟರ್‌ನ ಪ್ಯೂರಿಫೈಯರ್ ಯೋಚಿಸಬಹುದು. ಇಡೀ ಮನೆಗೆ ಅದು ದುಂದುವೆಚ್ಚ.

ಸುರಂಗ ರಸ್ತೆಯಾದರೆ ಇನ್ನೊಂದು ಪ್ರಶ್ನೆ

ಮೆಟ್ರೊ ಸುರಂಗದಲ್ಲಿ ಓಡುವುದು ವಿದ್ಯುತ್ ರೈಲು. ಕೆಲಸ ಮುಗಿದರೆ ಗಾಳಿಯ ತೊಂದರೆಯೂ ಬಹುತೇಕ ಮುಗಿಯುತ್ತದೆ. ರಸ್ತೆ ಸುರಂಗದಲ್ಲಿ ಹಾಗಲ್ಲ. ಒಳಗೆ ಓಡುವ ಗಾಡಿಗಳ ಹೊಗೆ ಎಲ್ಲೋ ಒಂದು ಕಡೆ ಹೊರಬರಲೇಬೇಕು: ಸುರಂಗದ ಬಾಯಿಯಲ್ಲಿ, ರ‍್ಯಾಂಪ್‌ಗಳಲ್ಲಿ, ಇಲ್ಲವೇ ಗಾಳಿ ಹೊರಹಾಕುವ ಗೋಪುರಗಳಲ್ಲಿ. ಸಿಡ್ನಿಯಲ್ಲಿ 2001ರಲ್ಲಿ ಎಂ5 ಈಸ್ಟ್ ಸುರಂಗ ತೆರೆದಾಗ ಟರೆಲಾ ಎಂಬಲ್ಲಿ ಒಂದೇ ಗೋಪುರದಿಂದ ಹೊಗೆ ಬಿಡುವ ವ್ಯವಸ್ಥೆ ಇತ್ತು. ಆ ಸುತ್ತಲಿನ ಜನ ಫಿಲ್ಟರ್‌ಗಾಗಿ ವರ್ಷಗಟ್ಟಲೆ ಜಗಳವಾಡಬೇಕಾಯಿತು. ಕಟ್ಟಿದ ಮೇಲೆ ಗೋಪುರದ ಜಾಗ ಬದಲಿಸಲು ಆಗುವುದಿಲ್ಲ.

ಹೆಬ್ಬಾಳ–ಸಿಲ್ಕ್ ಬೋರ್ಡ್ ಯೋಜನೆ ಸುಮಾರು 16.7 ಕಿ.ಮೀ. ಉದ್ದದ್ದು. ಲಾಲ್‌ಬಾಗಿನ ಜಾಗ ಬಳಸುವ ಬಗ್ಗೆ 2025ರಲ್ಲಿ ದೊಡ್ಡ ವಿರೋಧವೇ ಎದ್ದಿತು. ಪರಿಸರ ಅನುಮತಿ ಬೇಕೇ ಬೇಡವೇ ಎಂಬ ತಕರಾರು ಹಸಿರು ನ್ಯಾಯಮಂಡಳಿ ಮುಟ್ಟಿದೆ. ಜನ ಮರ ಮತ್ತು ಬಂಡೆಯ ಬಗ್ಗೆ ಕೇಳಿದರು, ಸರಿಯೇ. ಗೋಪುರಗಳ ಬಗ್ಗೆ ಕೇಳಿದ್ದು ಕಡಿಮೆ. ನಿಮ್ಮ ಬಡಾವಣೆ ಈ ದಾರಿಯಲ್ಲಿದ್ದರೆ ಲಿಖಿತವಾಗಿ ನಾಲ್ಕು ವಿಷಯ ಕೇಳಿ. ಗೋಪುರಗಳು ಎಲ್ಲಿ, ಎಷ್ಟು ಎತ್ತರ? ಒಳಗೆ ಟ್ರಾಫಿಕ್ ಜಾಮ್ ಆಗಿ ಗಾಡಿಗಳು ನಿಂತಾಗ ಹೊಗೆ ಎಷ್ಟಾಗುತ್ತದೆ, ಆ ಲೆಕ್ಕ ಹಾಕಿದ್ದೀರಾ? ಚಳಿಗಾಲದ ಬೆಳಗ್ಗೆ ಗಾಳಿ ಕದಲದ ದಿನ ನೈಟ್ರೋಜನ್ ಡೈಆಕ್ಸೈಡ್ ಸುತ್ತಲಿನ ಮನೆಗಳ ಯಾವ ಮಹಡಿಗೆ ತಾಗುತ್ತದೆ? ಕೆಲಸ ಶುರುವಾಗುವ ಮೊದಲೇ ಒಂದು ವರ್ಷದ ಮಾಪನ ಮಾಡಿ ಪ್ರಕಟಿಸುತ್ತೀರಾ? ಈ ಕೊನೆಯದಕ್ಕೆ ಅವರು ಒಪ್ಪದಿದ್ದರೂ ನಿಮ್ಮ ಎರಡು ಸೆನ್ಸರ್, ಎರಡು ಟೈಲ್ಸ್ ತುಂಡು ಇಂದೇ ಸಜ್ಜೆಗೆ ಏರಲಿ. ಅಗೆತ ಶುರುವಾದ ಮೇಲೆ "ಮೊದಲು ಹೀಗಿರಲಿಲ್ಲ" ಎಂದು ತೋರಿಸಲು ಬೇರೆ ದಾಖಲೆ ನಿಮ್ಮ ಬಳಿ ಇರುವುದಿಲ್ಲ.